ಜಪಾನಿನ ಐತಿಹಾಸಿಕ ಕಾದಂಬರಿ ಅಂದ್ರೆ ಬರೀ ಕತ್ತಿವರಸೆಯಾ?

ನೀವು ಎರಡು ವಿಷಯ ಕೇಳಿದ್ದೀರಿ. ಇವೆಲ್ಲ ಬರೀ ಸಮುರಾಯ್ ಹೊಡೆದಾಟದ ಕಥೆಗಳಾ? ಈ ಬಗೆಯ ಬರವಣಿಗೆ ಅಲ್ಲಿ ಬೆಳೆದಿದ್ದು ಹೇಗೆ? ನನಗೆ ಜಪಾನಿ ಬರುವುದಿಲ್ಲ. ಇಂಗ್ಲಿಷ್ ಅನುವಾದದಲ್ಲಿ ಸಿಕ್ಕಿದ್ದನ್ನು ಓದುತ್ತಾ ಬಂದವನು, ಅಷ್ಟೇ.

ಹೊಡೆದಾಟ ಬೇಕಾದಷ್ಟಿದೆ. ಆದರೆ ಅಲ್ಲಿನ ದೊಡ್ಡ ಲೇಖಕರಲ್ಲಿ ಕೆಲವರು ಹಳೇ ಕಾಲಕ್ಕೆ ಹೋಗಿದ್ದು, ಕಣ್ಣೆದುರಿಗೆ ನಡೆದ ಯಾವುದೋ ಒಂದು ಅರ್ಥವಾಗದೆ ಇದ್ದಾಗ. ನನಗೆ ಹಿಡಿಸಿದ್ದು ಅದು.

1912ರ ಸೆಪ್ಟೆಂಬರ್ 13, ಮೇಜಿ ಚಕ್ರವರ್ತಿಯ ಅಂತ್ಯಕ್ರಿಯೆಯ ದಿನ. 1904-05ರ ರಷ್ಯಾ-ಜಪಾನ್ ಯುದ್ಧದಲ್ಲಿ ಹೆಸರಾದ ಜನರಲ್ ನೋಗಿ ಅವತ್ತು ಮನೆಯಲ್ಲಿ ಹೊಟ್ಟೆ ಸೀಳಿಕೊಂಡು ಸತ್ತರು. ಜೊತೆಗೆ ಹೆಂಡತಿಯೂ. ಒಡೆಯ ಸತ್ತಾಗ ಸೇವಕನೂ ಹಿಂದೆಯೇ ಹೋಗುವ ಈ ಪದ್ಧತಿಯನ್ನು 1663ರಲ್ಲೇ ನಿಷೇಧಿಸಲಾಗಿತ್ತು. ರೈಲು, ಟೆಲಿಗ್ರಾಫ್ ಎಲ್ಲ ಬಂದಿದ್ದ ದೇಶದಲ್ಲಿ ಹೀಗಾಗಿದ್ದು ಕೇಳಿ ಜನ ದಂಗಾದರು.

ಮೋರಿ ಓಗಾಯ್‌ಗೆ ನೋಗಿ ಪರಿಚಿತರು. ಓಗಾಯ್ ಸೇನೆಯ ದೊಡ್ಡ ಡಾಕ್ಟರ್, ಜರ್ಮನಿಯಲ್ಲಿ ಓದಿ ಬಂದವರು, ಅಲ್ಲಿಯವರೆಗೆ ತಮ್ಮ ಕಾಲದ ಕಥೆಗಳನ್ನೇ ಬರೆಯುತ್ತಿದ್ದವರು. ಕೆಲವೇ ದಿನಗಳಲ್ಲಿ ಒಂದು ಕಥೆ ಬರೆದರು. ಒಡೆಯನಿಗಾಗಿ ಅಗರು ಮರದ ತುಂಡೊಂದನ್ನು ಕೊಳ್ಳಲು ನಾಗಸಾಕಿಗೆ ಹೋದ ಇಬ್ಬರ ಜಗಳ ಅದು. ಬರೀ ಸುವಾಸನೆಗೆ ಇಷ್ಟು ದುಡ್ಡು ಸುರಿಯೋದಾ ಅನ್ನುತ್ತಾನೆ ಒಬ್ಬ. ಒಡೆಯ ಹೇಳಿದ ಮೇಲೆ ಮುಗೀತು ಅನ್ನುತ್ತಾನೆ ಇನ್ನೊಬ್ಬ, ಓಕಿತ್ಸು. ಜಗಳ ಕೊಲೆಯಲ್ಲಿ ಮುಗಿಯುತ್ತದೆ. ಒಡೆಯ ಕ್ಷಮಿಸುತ್ತಾನೆ. ಆ ಋಣಕ್ಕೆ ಓಕಿತ್ಸು, ಒಡೆಯ ಸತ್ತು ವರ್ಷಗಳಾದ ಮೇಲೆ ಹೊಟ್ಟೆ ಸೀಳಿಕೊಳ್ಳುತ್ತಾನೆ. ನೋಗಿಗೆ ಸಲ್ಲಿಸಿದ ನಮಸ್ಕಾರ ಅನ್ನಿಸುತ್ತದೆ, ಅಲ್ವಾ?

ಆದರೆ 1913ರ ಜನವರಿಯಲ್ಲಿ ಬಂದ 'ಆಬೆ ಕುಟುಂಬ' ಓದಿ. ಒಡೆಯನ ಹಿಂದೆ ಸಾಯಲು ಆಬೆಗೆ ಅನುಮತಿ ಸಿಗುವುದಿಲ್ಲ. ಬದುಕಿದ್ದು ನನ್ನ ಮಗನ ಸೇವೆ ಮಾಡು ಅನ್ನುತ್ತಾನೆ ಒಡೆಯ. ಸರಿ ಅಂತ ಬದುಕಿದರೆ ಊರವರ ಬಾಯಿ ಸುಮ್ನಿರುತ್ತದಾ? ಸೋರೆಬುರುಡೆಗೆ ಎಣ್ಣೆ ಸವರಿ ಅದರಲ್ಲಿ ಹೊಟ್ಟೆ ಕೊಯ್ದುಕೊಳ್ಳಲಿ ಅಂತ ಆಡಿಕೊಳ್ಳುತ್ತಾರೆ. ಕೊನೆಗೆ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಸಾಯುತ್ತಾನೆ. ಅನುಮತಿ ಇಲ್ಲದೆ ಸತ್ತ ಅಂತ ಅದೂ ತಪ್ಪಾಗುತ್ತದೆ. ಅವಮಾನದ ಮೇಲೆ ಅವಮಾನವಾಗಿ ಇಡೀ ಮನೆತನವೇ ನಾಶವಾಗುತ್ತದೆ. ಓಗಾಯ್ ಎಲ್ಲೂ ಇದು ಸರಿ, ಇದು ತಪ್ಪು ಅನ್ನುವುದಿಲ್ಲ. ಯಾರು, ಯಾವ ದಿನ, ಎಷ್ಟು ಸಂಬಳದವನು ಅಂತ ಲೆಕ್ಕ ಬರೆದ ಹಾಗೆ ಬರೆಯುತ್ತಾರೆ. ಮೊದಲ ಸಲ ಓದಿದಾಗ ಬೇಜಾರಾಗಿ ಅರ್ಧಕ್ಕೆ ಬಿಟ್ಟಿದ್ದೆ. ಎರಡನೇ ಸಲ ಆ ಒಣ ಧಾಟಿಯೇ ಹೆದರಿಸಿತು.

ಅಕುತಗಾವ ಇನ್ನೊಂದು ದಾರಿ ಹಿಡಿದರು. ಹಳೇ ಕಥಾಸಂಗ್ರಹದಿಂದ ಎಳೆ ತೆಗೆದುಕೊಂಡು ಇವತ್ತಿನ ಮನಸ್ಸನ್ನು ಅದರೊಳಗೆ ಕೂರಿಸಿದರು. ನಿರ್ದೇಶಕ ಕುರೊಸಾವಾ ಅವರ 'ರಾಶೊಮಾನ್' ಸಿನಿಮಾದಿಂದ ಅವರು ಎಲ್ಲರಿಗೂ ಗೊತ್ತು, ಹಾಗಾಗಿ ಜಾಸ್ತಿ ಹೇಳಲ್ಲ.

ಇನ್ನು ನಿಮ್ಮ ಕತ್ತಿವರಸೆ. ಅದು ಬೆಳೆದಿದ್ದು ದಿನಪತ್ರಿಕೆಯ ಧಾರಾವಾಹಿಗಳಲ್ಲಿ. ನಕಜಾಟೊ ಕೈಜಾನ್ 1913ರಲ್ಲಿ ಶುರುಮಾಡಿದ ಒಂದು ಕಾದಂಬರಿ, ಅವರು 1944ರಲ್ಲಿ ತೀರಿಕೊಂಡಾಗಲೂ ಮುಗಿದಿರಲಿಲ್ಲ! ಶುರುವಿನಲ್ಲೇ ನಾಯಕ ಬೆಟ್ಟದ ದಾರಿಯಲ್ಲಿ ಯಾತ್ರೆ ಹೊರಟ ಮುದುಕನೊಬ್ಬನನ್ನು ಸುಮ್ಮಸುಮ್ಮನೆ ಕಡಿದು ಹಾಕುತ್ತಾನೆ. ಯೊಶಿಕಾವ ಎಯ್ಜಿಯ 'ಮುಸಾಶಿ' 1935ರಿಂದ 1939ರವರೆಗೆ ಅಸಾಹಿ ಪತ್ರಿಕೆಯಲ್ಲಿ ಬಂತು. ಮುಸಾಶಿ ನಿಜವಾಗಿ ಇದ್ದವನು, ಆದರೆ ಅವನ ಬಗ್ಗೆ ಗಟ್ಟಿ ದಾಖಲೆ ಕಡಿಮೆ. ಅವನಿಗಾಗಿ ಕಾಯುವ ಓತ್ಸು ಲೇಖಕರ ಕಲ್ಪನೆ. ದಿನಕ್ಕೊಂದು ಕಂತು ಬರೆದ ಗುರುತು ಪುಸ್ತಕದಲ್ಲಿ ಈಗಲೂ ಕಾಣುತ್ತದೆ. ಭೇಟಿಗಳೆಲ್ಲ ಕೂದಲೆಳೆಯಲ್ಲಿ ತಪ್ಪುತ್ತಾ ಹೋಗುತ್ತವೆ. ನನಗೇನೋ ಖುಷಿಯೇ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬಂದವರಲ್ಲಿ ಶಿಬಾ ರ್ಯೋತಾರೊ ಮುಖ್ಯ. ಅವರು ಟ್ಯಾಂಕ್ ದಳದಲ್ಲಿದ್ದವರು. ಅಮೆರಿಕದ ಸೇನೆ ಬಂದಿಳಿದರೆ ತಡೆಯಬೇಕು ಅಂತ ಟೋಕಿಯೊದ ಉತ್ತರಕ್ಕೆ ತಂದು ನಿಲ್ಲಿಸಿದ್ದರು. ಟೋಕಿಯೊ ಬಿಟ್ಟು ಬರುವ ಜನ ದಾರಿ ತುಂಬ ಇದ್ದರೆ ಏನು ಮಾಡೋದು ಅಂತ ಕೇಳಿದ್ದಕ್ಕೆ, ಅವರ ಮೇಲೆಯೇ ಹತ್ತಿಸಿಕೊಂಡು ಹೋಗಿ ಅಂದನಂತೆ ಒಬ್ಬ ಅಧಿಕಾರಿ. ಈ ಪ್ರಸಂಗವನ್ನು ಶಿಬಾ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ನಮ್ಮ ಜಪಾನಿನವರು ಯಾವಾಗಿನಿಂದ ಹೀಗಾದರು ಅನ್ನುವುದು ಅವರ ಪ್ರಶ್ನೆ. ಅವತ್ತಿನ 22ರ ವಯಸ್ಸಿನ ತನಗೇ ಬರೆದ ಪತ್ರಗಳು ತನ್ನ ಕಾದಂಬರಿಗಳು ಅನ್ನುತ್ತಿದ್ದರು.

1968ರಿಂದ 1972ರವರೆಗೆ ಸಾಂಕೆಯಿ ಪತ್ರಿಕೆಯಲ್ಲಿ ಬಂದ ಅವರ ರಷ್ಯಾ ಯುದ್ಧದ ಕಾದಂಬರಿಯಲ್ಲಿ ನಮ್ಮ ಹಳೇ ಪರಿಚಯದ ನೋಗಿ ಮತ್ತೆ ಬರುತ್ತಾರೆ. ಈ ಸಲ ರಷ್ಯನ್ನರ ಕೈಲಿದ್ದ ಪೋರ್ಟ್ ಆರ್ಥರ್ ಕೋಟೆಗೆ ಸೈನಿಕರನ್ನು ಅಲೆ ಅಲೆಯಾಗಿ ಬಲಿ ಕೊಡುವ, ಕೆಲಸ ಬರದ ಜನರಲ್ ಆಗಿ. ಇದು ಅನ್ಯಾಯದ ಚಿತ್ರ ಅಂತ ಜಗಳ ಮಾಡುವ ಇತಿಹಾಸಕಾರರೂ ಇದ್ದಾರೆ. ನನಗೂ ಶಿಬಾ ಬಗ್ಗೆ ಒಂದು ತಕರಾರಿದೆ. ಮೇಜಿ ಕಾಲಕ್ಕೆ ತುಂಬಾ ಬಿಸಿಲು ಬೀಳಿಸುತ್ತಾರೆ, ಆ ಕಾಲದಲ್ಲಿ ಜಪಾನಿನ ಕೈಯಲ್ಲಿ ಕೊರಿಯಾ ಪಟ್ಟ ಪಾಡು ನೆರಳಲ್ಲೇ ಉಳಿಯುತ್ತದೆ.

ಎಲ್ಲಿಂದ ಶುರುಮಾಡಲಿ ಅಂದ್ರೆ, 'ಆಬೆ ಕುಟುಂಬ'ದಿಂದಲೇ. ಒಂದೇ ಕೂತಲ್ಲಿ ಮುಗಿಯುತ್ತದೆ. ಹೆಸರುಗಳು ಮಾತ್ರ ಜಾಸ್ತಿ, ಎಲ್ಲ ಒಂದೇ ಥರ ಕೇಳಿಸುತ್ತವೆ. ಪಕ್ಕದಲ್ಲೊಂದು ಚೀಟಿ ಇಟ್ಟುಕೊಂಡು ಯಾರ ಮಗ ಯಾರು ಅಂತ ಬರೆದುಕೊಳ್ಳಿ. ಅರ್ಧ ದಾಟುವ ಹೊತ್ತಿಗೆ ಆ ಚೀಟಿಯಲ್ಲಿ ಒಂದೊಂದೇ ಹೆಸರು ಹೊಡೆದುಹಾಕುತ್ತಾ ಹೋಗುತ್ತೀರಿ.