ಪ್ರತಿಕ್ರಿಯೆ: ಆರನೇ ತರಗತಿಗೆ ಮೃಗಾಲಯವೋ, ಕೊಕ್ಕರೆ ಬೆಳ್ಳೂರೋ?

ಮೇಡಂ, ಆರನೇ ತರಗತಿಯ ಮಕ್ಕಳನ್ನು ಕರೆದುಕೊಂಡು ಮೈಸೂರು ಮೃಗಾಲಯಕ್ಕೆ ಹೋಗೋಣವೇ, ಕೊಕ್ಕರೆ ಬೆಳ್ಳೂರಿಗೆ ಹೋಗೋಣವೇ ಎಂದು ಕೇಳಿದ್ದೀರಿ. ಪ್ರಾಣಿ ಮತ್ತು ಅದರ ನೆಲೆ ಎರಡನ್ನೂ ಒಟ್ಟಿಗೆ ತೋರಿಸಬೇಕೆಂದಿದ್ದರೆ ಕಣ್ಣುಮುಚ್ಚಿ ಬೆಳ್ಳೂರಿಗೇ ಹೋಗಿ. ಮದ್ದೂರು ತಾಲ್ಲೂಕಿನ ಈ ಊರಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಅತ್ತಿ ಮರಗಳಲ್ಲೇ ಗೂಡು ಕಟ್ಟುತ್ತವೆ. ಬೇಲಿಯಿಲ್ಲ, ಪಂಜರವಿಲ್ಲ.

ಫೆಬ್ರುವರಿ ಒಳ್ಳೆಯ ಸಮಯ. ಆಗ ಗೂಡುಗಳಲ್ಲಿ ಮರಿಗಳಿರುತ್ತವೆ. ಹೆಜ್ಜಾರ್ಲೆ ಮರಿ ತಾಯಿಯ ಗಂಟಲ ಚೀಲಕ್ಕೆ ತಲೆಯನ್ನೇ ತೂರಿಸಿ ಮೀನು ತಿನ್ನುವುದನ್ನು ಮಕ್ಕಳು ನೋಡಲೇಬೇಕು. ಆ ಮೀನು ಎಲ್ಲಿಂದ ಬಂತು ಅಂತ ಅಲ್ಲೇ ಕೇಳಿ. ಶಿಂಷಾ ನದಿ, ಸುತ್ತಲ ಕೆರೆಗಳು ತಾವಾಗಿಯೇ ಮಾತಿಗೆ ಬರುತ್ತವೆ. ಮರದಡಿ ಬಿದ್ದ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ. ಇದನ್ನು ಊರಿನ ಹಿರಿಯರ ಬಾಯಲ್ಲೇ ಹೇಳಿಸಿ. ಹಕ್ಕಿ ಬಂದರೆ ಊರಿಗೆ ಒಳ್ಳೆಯದು ಎಂಬ ಅವರ ನಂಬಿಕೆ ಎಷ್ಟೋ ಮರಗಳನ್ನು ಉಳಿಸಿದೆ, ನನಗಂತೂ ಇದೇ ದೊಡ್ಡ ಪಾಠ.

ಬೆಳಿಗ್ಗೆ ಬೇಗ ತಲುಪಿ. ಊರೆಲ್ಲ ಸುತ್ತಿಸುವ ಬದಲು ಒಂದೇ ಮರದಿಂದ ತುಸು ದೂರ ಕೂರಿಸಿ, ಚಿತ್ರ ಬರೆಯಲು ಬಿಡಿ. ಚಪ್ಪಾಳೆ, ಕೂಗಾಟ ಬೇಡ. ಗಾಬರಿಯಾದ ಮರಿಗಳು ಗೂಡಿನಿಂದ ಬೀಳಬಹುದು. ಪ್ರತಿ ಮಗುವಿಗೂ ಟೋಪಿ, ನೀರಿನ ಬಾಟಲಿ ಇರಲಿ. ಸಮಯ ಮಿಕ್ಕರೆ ಮಧ್ಯಾಹ್ನ ರಂಗನತಿಟ್ಟು ಪಕ್ಷಿಧಾಮಕ್ಕೂ ಹೋಗಬಹುದು. ದೋಣಿಯಲ್ಲಿ ಕೂತು ಬಂಡೆಯ ಮೇಲೆ ಮಲಗಿದ ಮೊಸಳೆ ನೋಡಬಹುದು.