ಮೂರು ಲಕ್ಷದ ಪ್ಯಾಕೇಜ್, ಕೈಗೆ ಬರುವುದೆಷ್ಟು?

ಪ್ರಶ್ನೆ: ನಾನು 2024ರಲ್ಲಿ ಬಿಕಾಂ ಮುಗಿಸಿದೆ. ವರ್ಷಕ್ಕೂ ಜಾಸ್ತಿ ಅಲೆದ ಮೇಲೆ ಈಗ ಒಟ್ಟಿಗೇ ಎರಡು ಕೆಲಸ ಸಿಕ್ಕಿವೆ. ಒಂದು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ. ಬೇರೆ ಕಂಪನಿಗಳ ಬಿಲ್ ಪರಿಶೀಲಿಸಿ ಕಂಪ್ಯೂಟರಿನಲ್ಲಿ ದಾಖಲಿಸುವ ಕೆಲಸ, ವರ್ಷಕ್ಕೆ 3 ಲಕ್ಷದ ಪ್ಯಾಕೇಜ್. ಆದರೆ 18 ತಿಂಗಳ ಬಾಂಡ್ ಇದೆ. ನಡುವೆ ಬಿಟ್ಟರೆ 1 ಲಕ್ಷ ಕಟ್ಟಬೇಕು. ಒರಿಜಿನಲ್ ಅಂಕಪಟ್ಟಿಗಳನ್ನೂ ಅವರಿಗೇ ಕೊಡಬೇಕಂತೆ. ಇನ್ನೊಂದು ಹುಬ್ಬಳ್ಳಿಯ ಆಡಿಟರ್ ಆಫೀಸಿನಲ್ಲಿ, ತಿಂಗಳಿಗೆ 14 ಸಾವಿರ. ಅಲ್ಲಿ ಅಕ್ಕನ ಮನೆಯಿದೆ. ‘25 ಸಾವಿರ ಬಿಟ್ಟು 14 ಸಾವಿರಕ್ಕೆ ಯಾರು ಹೋಗ್ತಾರೆ’ ಅಂತ ಗೆಳತಿಯರು ಬೈಯುತ್ತಾರೆ. ಬೆಂಗಳೂರಿಗೆ ಹೋದರೆ ನಮ್ಮ ಕಲ್ಯಾಣ ಕರ್ನಾಟಕದವರಿಗೆ ಸರ್ಕಾರಿ ಕೆಲಸದಲ್ಲಿ ಇರುವ 371(ಜೆ) ಮೀಸಲಾತಿ ಕೈತಪ್ಪುತ್ತದೆಯೇ ಎಂಬುದು ಅಪ್ಪನ ಚಿಂತೆ. ಸದ್ಯ ಯುವನಿಧಿ ಹಣ ಬರುತ್ತಿದೆ. ಏನು ಮಾಡಲಿ?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ಉತ್ತರ: ಮೊದಲು ನಿಮ್ಮ ಅಪ್ಪನಿಗೆ ಸಮಾಧಾನ ಹೇಳಿ. 371(ಜೆ) ಅರ್ಹತೆ ನೀವು ಈಗ ಎಲ್ಲಿ ಕೆಲಸ ಮಾಡುತ್ತೀರಿ ಎಂಬುದರ ಮೇಲೆ ನಿಂತಿಲ್ಲ. ಕಲ್ಯಾಣ ಕರ್ನಾಟಕದಲ್ಲಿ ಹುಟ್ಟಿದವರಿಗೆ, ಅಥವಾ 2013ರ ಜನವರಿ 1ಕ್ಕೆ ಮೊದಲು ಅಲ್ಲಿ ಕನಿಷ್ಠ 10 ವರ್ಷ ಇದ್ದವರಿಗೆ ಅದು ಸಿಗುತ್ತದೆ. ನೀವು ಅಲ್ಲೇ ಹುಟ್ಟಿದವರಾದರೆ ಬೆಂಗಳೂರಿನ ಖಾಸಗಿ ಕೆಲಸದಿಂದ ಅದು ಹೋಗುವುದಿಲ್ಲ. ಪ್ರಮಾಣಪತ್ರ ಇನ್ನೂ ಮಾಡಿಸಿಲ್ಲದಿದ್ದರೆ ಮಾತ್ರ ಊರು ಬಿಡುವ ಮುಂಚೆ ಅರ್ಜಿ ಹಾಕಿ. ಆಮೇಲೆ ರಜೆ ಹಾಕಿ ಓಡಾಡುವುದು ಕಷ್ಟ.

ಈಗ ಹಣದ ಮಾತು. ತಿಂಗಳಿಗೆ 25 ಸಾವಿರ ಬರುತ್ತದೆ ಎಂದು ನೀವೆಲ್ಲ ಅಂದುಕೊಂಡಿದ್ದೀರಿ. ಬರುವುದಿಲ್ಲ. 3 ಲಕ್ಷ ಅಂದರೆ ನಿಮ್ಮ ಸಲುವಾಗಿ ಕಂಪನಿಗೆ ವರ್ಷಕ್ಕೆ ಬೀಳುವ ಒಟ್ಟು ಖರ್ಚು. ನೀವು ಕಳುಹಿಸಿದ ಆಫರ್ ಲೆಟರಿನ ಎರಡನೇ ಪುಟ ನೋಡಿ. ಮೂಲ ವೇತನ ತಿಂಗಳಿಗೆ 12,500. ಅದರ ಶೇ 12ರಷ್ಟು, ಅಂದರೆ 1,500 ರೂಪಾಯಿ, ಕಂಪನಿ ನಿಮ್ಮ ಪಿಎಫ್‌ಗೆ (ಭವಿಷ್ಯನಿಧಿಗೆ) ಹಾಕುತ್ತದೆ. ವರ್ಷಕ್ಕೆ 18 ಸಾವಿರ. ಅದು ನಿಮ್ಮ 3 ಲಕ್ಷದೊಳಗೇ ಸೇರಿದೆ. ಗ್ರಾಚ್ಯುಟಿ ಎಂದು ಸುಮಾರು 7,200 ಬರೆದಿದ್ದಾರೆ. ಅದು ಕೆಲವು ವರ್ಷ ದುಡಿದವರಿಗೆ, ಕೆಲಸ ಬಿಡುವಾಗ ಸಿಗುವ ಹಣ. ‘ವೇರಿಯಬಲ್’ ಎಂದು 24 ಸಾವಿರ ಇದೆ. ಅದು ವರ್ಷದ ಕೊನೆಗೆ ನಿಮ್ಮ ಕೆಲಸ ನೋಡಿ ಕೊಡುವಂಥದ್ದು, ಪೂರ್ತಿ ಬರುತ್ತದೆ ಎಂಬ ಖಾತ್ರಿಯಿಲ್ಲ. ಇಎಸ್‌ಐಗೆ, ಅಂದರೆ ನೌಕರರ ಆರೋಗ್ಯ ವಿಮೆಗೆ, ಕಂಪನಿಯ ಪಾಲು ಸುಮಾರು 8 ಸಾವಿರ.

ಇಷ್ಟನ್ನೂ ಕಳೆದರೆ ತಿಂಗಳಿಗೆ ಉಳಿಯುವುದು 20,200ರ ಆಸುಪಾಸು. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 1,500 ಮತ್ತು ಇಎಸ್‌ಐ 150 ಹಿಡಿಯುತ್ತಾರೆ. ಬ್ಯಾಂಕ್ ಖಾತೆಗೆ ಬೀಳುವುದು ಹೆಚ್ಚುಕಡಿಮೆ 18,500.

ಇದರಲ್ಲಿ ಕಂಪನಿಯ ಮೋಸವೇನೂ ಇಲ್ಲ. ಪಿಎಫ್ ನಿಮ್ಮದೇ ಹಣ, ಅದರಲ್ಲೊಂದು ಪಾಲು ಪಿಂಚಣಿಗೆ ಹೋಗುತ್ತದೆ. ಇಎಸ್‌ಐ ಇದ್ದರೆ ಕಾಯಿಲೆ ಬಿದ್ದಾಗ ಆಸ್ಪತ್ರೆಯ ಖರ್ಚಿನ ಭಯ ಎಷ್ಟೋ ಕಡಿಮೆ. ಆದರೆ ನೀವು ಹೋಲಿಸಬೇಕಾದದ್ದು 25 ಮತ್ತು 14 ಅಲ್ಲ, 18,500 ಮತ್ತು 14,000.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಎಲೆಕ್ಟ್ರಾನಿಕ್ ಸಿಟಿ ಕಡೆ ಇಬ್ಬರು ಹಂಚಿಕೊಳ್ಳುವ ಪೀಜಿ ಕೋಣೆಗೆ ಊಟ ಸೇರಿ 8 ಸಾವಿರ ಇಟ್ಟುಕೊಳ್ಳಿ. ಪೀಜಿ ಊಟ ರುಚಿಸದ ದಿನ ಹೊರಗೆ ತಿನ್ನುವುದು, ಫೋನ್, ಸೋಪು, ಔಷಧಿ, ಊರಿಗೆ ಬಂದು ಹೋಗುವುದು ಅಂತ 4 ಸಾವಿರ. ಕೈಯಲ್ಲಿ ಉಳಿಯುವುದು ಆರು, ಆರೂವರೆ ಸಾವಿರ. ಹುಬ್ಬಳ್ಳಿಯಲ್ಲಿ ಅಕ್ಕನ ಮನೆಯಲ್ಲಿದ್ದು ತಿಂಗಳಿಗೆ 4 ಸಾವಿರ ಮನೆಗೆ ಕೊಟ್ಟು, ಫೋನ್, ಔಷಧಿಯಂಥ ಕೈಖರ್ಚು ಕಳೆದರೂ 8 ಸಾವಿರ ಉಳಿಯುತ್ತದೆ, ಅಲ್ವಾ? ಆ ಆಫೀಸಿನಲ್ಲಿ ಪಿಎಫ್ ಇದೆಯೇ ಎಂದು ಮಾತ್ರ ಕೇಳಿ. 20ಕ್ಕಿಂತ ಕಡಿಮೆ ಜನರಿರುವ ಕಡೆ ಅದು ಕಡ್ಡಾಯವಲ್ಲ.

ಹಾಗಾಗಿ ಹಣ ನೋಡಿ ಬೆಂಗಳೂರು ಆರಿಸಬೇಡಿ. ಕೆಲಸ ನೋಡಿ ಆರಿಸಿ. ದೊಡ್ಡ ಕಂಪನಿಯಲ್ಲಿ ಶಿಸ್ತು ಕಲಿಯುತ್ತೀರಿ. ಇಂಗ್ಲಿಷಿನಲ್ಲಿ ಮೇಲ್ ಬರೆಯುವುದು, ಬೇರೆ ದೇಶದವರ ಜೊತೆ ಮಾತಾಡುವುದು ರೂಢಿಯಾಗುತ್ತದೆ. ಮುಂದಿನ ಕೆಲಸಕ್ಕೆ ಆ ಹೆಸರು ನೆರವಾಗುತ್ತದೆ. ಆದರೆ ಲೆಕ್ಕಪತ್ರದ ಒಂದೇ ತುಂಡು ನಿಮ್ಮ ಕೈಗೆ ಬರುತ್ತದೆ, ದಿನವಿಡೀ ಅದೇ. ಆಡಿಟರ್ ಆಫೀಸಿನಲ್ಲಿ ಟ್ಯಾಲಿಯಿಂದ ಹಿಡಿದು ಜಿಎಸ್‌ಟಿ ರಿಟರ್ನ್, ಟಿಡಿಎಸ್, ಬ್ಯಾಲೆನ್ಸ್ ಶೀಟ್‌ವರೆಗೆ ಎಲ್ಲವೂ ನಿಮ್ಮ ಮೇಜಿಗೆ ಬರುತ್ತದೆ. ಎರಡು ವರ್ಷ ಅಲ್ಲಿ ದುಡಿದವರಿಗೆ ಒಂದು ಅಂಗಡಿಯ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಬರೆಯಲು ಬರುತ್ತದೆ. ಇದನ್ನು ಸಣ್ಣ ಕೆಲಸ ಎಂದು ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ನನ್ನ ತೀರ್ಮಾನ ಬಾಂಡಿನ ಮೇಲೆ ನಿಂತಿದೆ. ‘ಬಾಂಡ್‌ಗೆಲ್ಲ ಕೋರ್ಟಿನಲ್ಲಿ ಬೆಲೆ ಇಲ್ಲ, ಸುಮ್ನೆ ಸಹಿ ಹಾಕು’ ಎಂದು ಹೇಳುವವರು ಬಹಳ. ಅದನ್ನು ನಂಬಬೇಡಿ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ 3 ವರ್ಷದ, 2 ಲಕ್ಷ ರೂಪಾಯಿಯ ಬಾಂಡ್ ಸರಿ ಎಂದು ಹೇಳಿತು. ಅದು ಸರ್ಕಾರಿ ಬ್ಯಾಂಕ್ ಆಗಿತ್ತು. ಮತ್ತೆ ನೇಮಕಾತಿ ನಡೆಸುವ ಖರ್ಚು, ಆ ಅಧಿಕಾರಿಯ ಸಂಬಳ, ಎಲ್ಲವನ್ನೂ ಕೋರ್ಟ್ ನೋಡಿತ್ತು. ನಿಮ್ಮ ವಿಷಯದಲ್ಲೂ ಹಾಗೇ ಆಗುತ್ತದೆ ಎಂದಲ್ಲ. ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬಾಂಡಿನಲ್ಲಿ ಎಷ್ಟೇ ಬರೆದಿರಲಿ, ನ್ಯಾಯವಾದ ಪರಿಹಾರವನ್ನಷ್ಟೇ ಪಡೆಯಬಹುದು. ಆದರೆ 18,500 ಸಂಬಳದ ಹುಡುಗಿ ವಕೀಲರ ನೋಟಿಸ್ ಹಿಡಿದು ಬೆಂಗಳೂರಿನಲ್ಲಿ ಓಡಾಡುವ ಸ್ಥಿತಿ ಬರಲೇಬಾರದು. ಆದ್ದರಿಂದ ಸಹಿ ಹಾಕುವ ಮುಂಚೆಯೇ ಮೇಲ್ ಬರೆದು ಕೇಳಿ: ಎಷ್ಟು ವಾರದ ತರಬೇತಿ ಕೊಡುತ್ತೀರಿ? ತಿಂಗಳು ಕಳೆದಂತೆ 1 ಲಕ್ಷ ಕಡಿಮೆಯಾಗುತ್ತಾ ಬರುತ್ತದೆಯೇ? ನೀವೇ ಕೆಲಸದಿಂದ ತೆಗೆದರೆ ನಾನು ಏನಾದರೂ ಕಟ್ಟಬೇಕೇ? ಸರ್ಕಾರಿ ಕೆಲಸ ಸಿಕ್ಕಿದರೆ ವಿನಾಯಿತಿ ಇದೆಯೇ? ಫೋನಿನಲ್ಲಿ ‘ಆಯ್ತಮ್ಮಾ, ನೋಡೋಣ’ ಅಂದದ್ದು ಲೆಕ್ಕಕ್ಕಿಲ್ಲ. ಬರವಣಿಗೆಯಲ್ಲಿ ಬರಬೇಕು.

ಒರಿಜಿನಲ್ ಅಂಕಪಟ್ಟಿಗಳನ್ನು ಮಾತ್ರ ಯಾವ ಕಾರಣಕ್ಕೂ ಬಿಟ್ಟು ಬರಬೇಡಿ. ತೋರಿಸಿ, ಅವರು ಜೆರಾಕ್ಸ್ ಜೊತೆ ತಾಳೆ ನೋಡಲಿ, ವಾಪಸ್ ತೆಗೆದುಕೊಳ್ಳಿ. ನನ್ನ ಮೊದಲ ಕೆಲಸದಲ್ಲಿ ನಾನು ಕೊಟ್ಟುಬಿಟ್ಟಿದ್ದೆ. ಎಂಟು ತಿಂಗಳಾದ ಮೇಲೆ ಒಂದು ಬ್ಯಾಂಕಿನಿಂದ ದಾಖಲೆ ಪರಿಶೀಲನೆಗೆ ಕರೆ ಬಂತು. ಕಂಪನಿಯವರು ಇವತ್ತು, ನಾಳೆ ಅಂತ ದಿನ ದೂಡಿದರು. ಪರಿಶೀಲನೆಯ ದಿನ ನನ್ನ ಕೈಯಲ್ಲಿ ಹತ್ತನೇ ತರಗತಿಯ ಅಂಕಪಟ್ಟಿಯೂ ಇರಲಿಲ್ಲ. ಆ ಕೆಲಸ ಹೋಯಿತು. ಸಹಿ ಹಾಕಿದ ಖಾಲಿ ಚೆಕ್ ಕೇಳಿದರೂ ಇದೇ ಮಾತು, ಕೊಡಬೇಡಿ. ಲ್ಯಾಪ್‌ಟಾಪಿಗೆ, ನೋಂದಣಿಗೆ ಅಂತ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ.

ಕಂಪನಿ ಬಾಂಡ್ ಸಡಿಲಿಸಿ ಬರೆದುಕೊಟ್ಟು, ಅಂಕಪಟ್ಟಿ ಕೇಳುವುದನ್ನು ಬಿಟ್ಟರೆ ಬೆಂಗಳೂರಿಗೆ ಹೊರಡಿ. ಒಪ್ಪದಿದ್ದರೆ ಹುಬ್ಬಳ್ಳಿಗೆ ಖುಷಿಯಿಂದ ಹೋಗಿ.

ಬೆಂಗಳೂರಾದರೆ ಮೊದಲ ಸಂಬಳ ಬರುವವರೆಗಿನ ಹಣ ಜೊತೆಗಿರಲಿ. ತಿಂಗಳ ನಡುವೆ ಸೇರಿದವರ ಸಂಬಳವನ್ನು ಎಷ್ಟೋ ಕಡೆ ಮುಂದಿನ ತಿಂಗಳಿನದರ ಜೊತೆ ಹಾಕುತ್ತಾರೆ. ಯಾವ ತಾರೀಖಿನೊಳಗೆ ಸೇರಿದರೆ ಅದೇ ತಿಂಗಳು ಬರುತ್ತದೆ ಎಂದು ಕೇಳಿಕೊಳ್ಳಿ. ಪೀಜಿ ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ಕೈಖರ್ಚು ಸೇರಿ 25 ಸಾವಿರ ಬೇಕಾಗುತ್ತದೆ. ಫೋಟೋ ನೋಡಿ ಪೀಜಿಗೆ ಮುಂಗಡ ಕಳುಹಿಸಬೇಡಿ. ಎರಡು ದಿನ ಮುಂಚೆ ಅಪ್ಪನ ಜೊತೆ ಹೋಗಿ, ಸಂಜೆ ಕತ್ತಲಾದ ಮೇಲೆ ಆ ಬೀದಿ ನೋಡಿ, ಅಲ್ಲಿರುವ ಹುಡುಗಿಯರನ್ನು ನೀರು, ಊಟದ ಬಗ್ಗೆ ಕೇಳಿ. ಬಿಡುವಾಗ ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯುತ್ತಾರೆ ಎಂದು ರಸೀದಿಯಲ್ಲೇ ಬರೆಸಿ. ಆಫೀಸಿಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಒಳ್ಳೆಯದು. ಇಲ್ಲದಿದ್ದರೂ ಶಕ್ತಿ ಯೋಜನೆಯಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ನಿಮಗೆ ಉಚಿತ. ಕೊಪ್ಪಳದಿಂದ ಬರುವ ವೇಗದೂತವೂ ಅಷ್ಟೇ. ಆಧಾರ್ ಜೊತೆಗಿರಲಿ.

ಯುವನಿಧಿ ಕೆಲಸ ಇಲ್ಲದವರಿಗಾಗಿ ಇರುವುದು. ಎಲ್ಲಿಗೇ ಸೇರಿದರೂ ಸೇವಾಸಿಂಧುವಿನಲ್ಲಿ ತಿಳಿಸಿ ನಿಲ್ಲಿಸಿಬಿಡಿ.

ಕಂಪನಿಯ ಉತ್ತರ ಬಂದ ಕೂಡಲೇ ಬಾಂಡಿನ ಪ್ರತಿಯನ್ನು ನನಗೆ ಕಳುಹಿಸಿ. ಓದಿ ಹೇಳುತ್ತೇನೆ. ಅಲ್ಲಿಯವರೆಗೆ ಹುಬ್ಬಳ್ಳಿಯವರಿಗೆ ಇಲ್ಲ ಅನ್ನಬೇಡಿ, ಒಂದು ವಾರ ಸಮಯ ಕೇಳಿ.