ಬುಧವಾರದ ಹೊಟ್ಟೆನೋವು: ಮನೆಯ ಕಷ್ಟವನ್ನು ಮಕ್ಕಳಿಗೆ ಎಷ್ಟು ಹೇಳಬೇಕು?

ಪ್ರಶ್ನೆ: ನಾವು ಗುಳೇದಗುಡ್ಡದ ನೇಕಾರರು. ನಮ್ಮ ಮನೆಯವರು ಖಣ ನೇಯುತ್ತಾರೆ, ನಾನು ಕಂಡಿಕೆ ಸುತ್ತುತ್ತೇನೆ. ಕಳೆದ ವರ್ಷ ಅತ್ತೆಯವರಿಗೆ ಲಕ್ವಾ ಹೊಡೆದಾಗ ಆಸ್ಪತ್ರೆಯ ಖರ್ಚಿಗೆ ಸಾಲ ಮಾಡಿದೆವು. ಪ್ರತಿ ಬುಧವಾರ ಮುಂಜಾನೆ ಕಂತಿನವರು ಬಾಗಿಲಿಗೆ ಬರುತ್ತಾರೆ. 1,150 ರೂಪಾಯಿಯಂತೆ ಇನ್ನೂ 38 ವಾರ ಕಟ್ಟಬೇಕು. ಮಕ್ಕಳಿಗೆ ಇದು ತಿಳಿಯಬಾರದೆಂದು ಇಬ್ಬರೂ ಎಚ್ಚರಿಕೆ ವಹಿಸಿದ್ದೇವೆ. ಮಗ ಪಿಯುಸಿ ಎರಡನೇ ವರ್ಷದಲ್ಲಿದ್ದಾನೆ. ಇತ್ತೀಚೆಗೆ ಮಾತಾಡಿಸಿದರೆ ಸಿಡುಕುತ್ತಾನೆ. ಮಗಳು ಹತ್ತನೇ ತರಗತಿ. ವಾರಕ್ಕೊಮ್ಮೆಯಾದರೂ, ಹೆಚ್ಚಾಗಿ ಬುಧವಾರ, ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತಾಳೆ. ವೈದ್ಯರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದಿದ್ದಾರೆ. ಮನೆಯ ಕಷ್ಟವನ್ನು ಮಕ್ಕಳಿಗೆ ಹೇಳಬೇಕೆ? ಒತ್ತಡ ತಾಳಿಕೊಳ್ಳುವುದನ್ನು ಅವರಿಗೆ ಹೇಗೆ ಕಲಿಸಬೇಕು?
– ಒಬ್ಬ ತಾಯಿ, ಗುಳೇದಗುಡ್ಡ

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಬುಧವಾರ ಎಂಬ ಮಾತು ಎರಡು ಸಲ ಬಂದಿದೆ. ಕಂತಿನವರು ಬರುವುದು ಬುಧವಾರ, ಮಗಳ ಹೊಟ್ಟೆ ನೋಯುವುದೂ ಬುಧವಾರ. ಮಕ್ಕಳಿಗೆ ತಿಳಿದಿಲ್ಲ ಎಂದು ನೀವು ನಂಬಿರುವುದು ಅವರಿಗೆ ಆಗಲೇ ತಿಳಿದಿದೆ. ಆದರೆ ಆ ಕಷ್ಟ ಎಷ್ಟು ದೊಡ್ಡದು, ಎಂದಿಗೆ ಮುಗಿಯುವುದು ಎಂಬುದು ಮಾತ್ರ ತಿಳಿದಿಲ್ಲ. ಬಾಗಿಲಲ್ಲಿ ತಂದೆ ದನಿ ತಗ್ಗಿಸಿ ಮಾತಾಡುವುದನ್ನು ಒಳಗಿನಿಂದ ಕೇಳಿಸಿಕೊಂಡ ಹುಡುಗಿ ಉಳಿದದ್ದನ್ನು ತಾನೇ ಊಹಿಸಿಕೊಳ್ಳುತ್ತಾಳೆ, ಮತ್ತು ಆ ವಯಸ್ಸಿನ ಊಹೆ ಯಾವಾಗಲೂ ಇದ್ದುದಕ್ಕಿಂತ ದೊಡ್ಡದಾಗಿಯೇ ಇರುತ್ತದೆ.

ಆಲಮಟ್ಟಿಯ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಓಣಿಗಳು ಒಂದೊಂದಾಗಿ ಖಾಲಿಯಾಗುತ್ತಿದ್ದ ಕಾಲದಲ್ಲಿ ನಾನು ಅಲ್ಲಿಯೇ ಶಿಕ್ಷಕಿಯಾಗಿದ್ದೆ. ಎಂಟನೇ ತರಗತಿಯ ಒಬ್ಬ ಹುಡುಗಿ ವೇಳಾಪಟ್ಟಿ ಏನೇ ಇರಲಿ, ದಿನವೂ ತನ್ನ ಅಷ್ಟೂ ಪುಸ್ತಕಗಳನ್ನು ಚೀಲದಲ್ಲಿ ತುಂಬಿಕೊಂಡು ಬರುತ್ತಿದ್ದಳು. ಭುಜದ ಮೇಲೆ ಪಟ್ಟಿಯ ಗುರುತು ಕೆಂಪಾಗಿ ಮೂಡಿರುತ್ತಿತ್ತು. ಬಹಳ ದಿನಗಳ ಮೇಲೆ ಕಾರಣ ಹೇಳಿದಳು: ಸಂಜೆ ಮರಳಿ ಹೋಗುವಷ್ಟರಲ್ಲಿ ಮನೆ ಖಾಲಿಯಾಗಿದ್ದರೆ ಪುಸ್ತಕಗಳಾದರೂ ತನ್ನ ಹತ್ತಿರ ಉಳಿಯಲಿ ಎಂದು. ಮನೆ ಬಿಡಲು ಇನ್ನೂ ಹಲವು ತಿಂಗಳಿದ್ದವು, ಅದನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಅವಳ ತಂದೆಯವರನ್ನು ಕರೆಸಿ ಮಾತಾಡಿದೆ. ಅವರು ಅಂದು ರಾತ್ರಿ ನವನಗರದ ನಿವೇಶನದ ಕಾಗದವನ್ನು ಮಗಳ ಮುಂದೆ ಬಿಡಿಸಿಟ್ಟು, ಯಾವ ಸೆಕ್ಟರ್, ಯಾವ ತಿಂಗಳು ಎಂದು ಓದಿ ಹೇಳಿದರು. ಮರುವಾರ ಚೀಲ ಹಗುರಾಗಿತ್ತು. ಊರು ಬಿಡುವ ಸಂಕಟವೇನೂ ಕಡಿಮೆಯಾಗಿರಲಿಲ್ಲ, ಆದರೆ ಅದಕ್ಕೊಂದು ಅಳತೆ ಸಿಕ್ಕಿತ್ತು.

ಆದ್ದರಿಂದ ಹೇಳಿ. ಮಗ್ಗ ನಿಂತ ಮೇಲೆ, ಊಟವಾದ ಮೇಲೆ, ನೀವಿಬ್ಬರೂ ಕೂಡಿಯೇ ಕುಳಿತು ಹೇಳಿ. ಸಾಲ ಏಕೆ ಆಯಿತು, ವಾರಕ್ಕೆ ಎಷ್ಟು, ಎಷ್ಟು ವಾರ ಉಳಿದಿದೆ ಎಂಬ ಮೂರು ಸಂಗತಿಗಳನ್ನು ಹೇಳಿದ ಮೇಲೆ, ಈ ಸಾಲ ತೀರಿಸುವುದು ಅಪ್ಪ ಅವ್ವನ ಕೆಲಸ, ನಿಮ್ಮದಲ್ಲ ಎಂಬ ನಾಲ್ಕನೆಯ ಮಾತನ್ನು ಮರೆಯದೆ ಸೇರಿಸಿ. ಯಾವುದು ಬದಲಾಗುವುದಿಲ್ಲ (ಶಾಲೆ, ಕಾಲೇಜು, ಮನೆ) ಎಂಬುದನ್ನೂ, ಯಾವುದು ಈ ವರ್ಷ ಸಾಧ್ಯವಿಲ್ಲ (ಹೊಸ ಮೊಬೈಲ್, ಹಬ್ಬಕ್ಕೆ ಎರಡು ಜೊತೆ ಬಟ್ಟೆ) ಎಂಬುದನ್ನೂ ಬಿಡಿಸಿ ಹೇಳಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ಕಟ್ಟಿದ ಬುಧವಾರಗಳನ್ನು ಮಗಳೇ ಗೆರೆ ಎಳೆದು ಹೊಡೆಯಲಿ. ಹೇಳಬಾರದ್ದೂ ಕೆಲವಿದೆ. ಯಾವ ಬಂಧುಗಳು ಕೈಬಿಟ್ಟರು, ಗಂಡ ಹೆಂಡಿರ ನಡುವೆ ಯಾರು ಯಾರ ಮಾತು ಮೀರಿದರು ಎಂಬ ಕಹಿ ಮಕ್ಕಳ ಪಾಲಿಗೆ ಬರಬಾರದು. ‘ನಿಮ್ಮ ಸಲುವಾಗೇ ಇಷ್ಟ ಕಷ್ಟ ಪಡಾಕತ್ತೀವಿ’ ಎಂಬ ಮಾತಂತೂ ಬೇಡವೇ ಬೇಡ. ಅದು ಓದಿಗೆ ಹುರುಪು ಕೊಡುವುದಿಲ್ಲ, ಹುಟ್ಟಿದ್ದೇ ತಪ್ಪಾಯಿತೇನೋ ಎಂಬ ಅಳುಕನ್ನು ಕೊಡುತ್ತದೆ.

ಹೊಟ್ಟೆನೋವು ನಟನೆಯೆಂದು ದಯವಿಟ್ಟು ತಿಳಿಯಬೇಡಿ. ಭಯವಾದಾಗ ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಬಂದು ಎದೆಬಡಿತ ಏರುತ್ತದೆ. ರಕ್ತ ಕೈಕಾಲುಗಳ ಸ್ನಾಯುಗಳ ಕಡೆಗೆ ಹೆಚ್ಚು ಹರಿದು ಜೀರ್ಣಾಂಗಗಳಿಗೆ ಕಡಿಮೆಯಾಗುತ್ತದೆ. ಹೊಟ್ಟೆ ಹಿಂಡಿದಂತಾಗುವುದು ನಿಜವಾದ ನೋವೇ. ಇದನ್ನು ಮಗಳಿಗೆ ವಿವರಿಸಿದರೆ ತನ್ನ ದೇಹದ ಮೇಲಿನ ಅಂಜಿಕೆ ಅರ್ಧ ಇಳಿಯುತ್ತದೆ. ಉಸಿರನ್ನು ಎಳೆದುಕೊಳ್ಳುವುದಕ್ಕಿಂತ ಬಿಡುವುದನ್ನು ಹೆಚ್ಚು ನಿಧಾನವಾಗಿ, ಐದು ನಿಮಿಷ ಮಾಡಿದರೆ ಎದೆಬಡಿತ ತಗ್ಗುತ್ತದೆ. ಬುಧವಾರ ಬೆಳಗ್ಗೆ ನೀವೂ ಅವಳ ಪಕ್ಕದಲ್ಲಿ ಕುಳಿತು ಮಾಡಿ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕು. ಪರೀಕ್ಷೆಯ ನೆಪದಲ್ಲಿ ಅದನ್ನು ಐದಕ್ಕೆ ಇಳಿಸುವ ಮನೆಗಳನ್ನು ಕಂಡಾಗ ನನಗೆ ಬಹಳ ನೋವಾಗುತ್ತದೆ.

ಮಗನ ಸಿಡುಕಿನ ಹಿಂದೆ ತಾನೇನೂ ಮಾಡಲಾಗುತ್ತಿಲ್ಲ ಎಂಬ ಕುದಿ ಇರಬಹುದು. ಹದಿನೇಳರ ಹುಡುಗನಿಗೆ ಮುಗಿಸಬಲ್ಲ ಒಂದು ಸಣ್ಣ ಹೊಣೆ ಕೊಡಿ: ವಾರದ ಮಜೂರಿ, ನೂಲು, ದಿನಸಿ, ಔಷಧದ ಲೆಕ್ಕವನ್ನು ಒಂದು ವಹಿಯಲ್ಲಿ ಬರೆಯುವುದು, ಅಜ್ಜಿಗೆ ಸಂಜೆ ಕೈಕಾಲಿನ ವ್ಯಾಯಾಮ ಮಾಡಿಸುವುದು. ಕಾಲೇಜು ಬಿಟ್ಟು ದುಡಿಯುತ್ತೇನೆ ಎಂದು ಅವನು ಹೊರಟರೆ ಮಾತ್ರ ಒಪ್ಪಬೇಡಿ. ಎರಡು ವಾರ ಕಳೆದರೂ ಇಬ್ಬರಲ್ಲಿ ಯಾರಿಗಾದರೂ ನಿದ್ರೆ, ಊಟ ಸರಿಯಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಸಾಯುವ ಮಾತು ಬಂದರೆ ಎರಡು ವಾರ ಕಾಯುವುದಿರಲಿ, ಎರಡು ದಿನವೂ ಕಾಯಬೇಡಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಗೆ (14416) ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು, ವಯಸ್ಸು 16. ನನ್ನ ಅಪ್ಪ ಅವ್ವ ದಿನಾ ಜಗಳವಾಡುತ್ತಾರೆ. ಆಮೇಲೆ ಇಬ್ಬರೂ ಬೇರೆ ಬೇರೆಯಾಗಿ ನನ್ನನ್ನು ಕರೆದು, ‘ಯಾರ ತಪ್ಪು, ನೀನ ಹೇಳು’ ಎನ್ನುತ್ತಾರೆ. ಯಾರ ಪರ ಮಾತಾಡಿದರೂ ಇನ್ನೊಬ್ಬರು ಎರಡು ದಿನ ನನ್ನೊಡನೆ ಮಾತಾಡುವುದಿಲ್ಲ. ಓದಲು ಕುಳಿತರೆ ತಲೆಗೆ ಏನೂ ಹೋಗುವುದಿಲ್ಲ. ಏನು ಮಾಡಲಿ?

ಉತ್ತರ: ತಮ್ಮಾ, ನಿನ್ನನ್ನು ಕೂರಿಸಿರುವ ಆ ಪಂಚರ ಕಟ್ಟೆ ನಿನ್ನದಲ್ಲ, ಇಳಿದುಬಿಡು. ಇಬ್ಬರೂ ಸಮಾಧಾನದಿಂದಿರುವ ಹೊತ್ತು ನೋಡಿ, ಒಂದೇ ಮಾತನ್ನು ಇಬ್ಬರಿಗೂ ಹೇಳು: ‘ಅಪ್ಪಾ, ಅವ್ವಾ, ನೀವಿಬ್ರೂ ನನಗ ಬೇಕು. ತಪ್ಪು ಯಾರದು ಅಂತ ನನ್ನ ಕೇಳಬ್ಯಾಡ್ರಿ.’ ಮೊದಲ ಸಲ ಅವರಿಗೆ ಬೇಸರವಾಗಬಹುದು, ನೀನು ಮಾತ್ರ ಮಾತು ಬದಲಿಸಬೇಡ. ಜಗಳ ಶುರುವಾದಾಗ ಅಲ್ಲಿಯೇ ನಿಂತು ಬಿಡಿಸಬೇಕೆಂಬ ನಿಯಮವೇನೂ ಇಲ್ಲ. ಪುಸ್ತಕ ಹಿಡಿದು ಅಜ್ಜನ ಹತ್ತಿರವೋ, ಗೆಳೆಯನ ಮನೆಗೋ ಹೋಗುವುದು ಹೇಡಿತನವಲ್ಲ. ಸೋದರಮಾವನೋ ದೊಡ್ಡಪ್ಪನೋ, ಇಬ್ಬರೂ ಗೌರವಿಸುವ ಹಿರಿಯರು ಒಬ್ಬರಿದ್ದರೆ ಅವರಿಗೆ ಎಲ್ಲವನ್ನೂ ತಿಳಿಸು. ದಂಪತಿಗಳಿಗೆ ಬುದ್ಧಿ ಹೇಳುವುದು ಅವರಿಗೆ ಸಲ್ಲುವ ಕೆಲಸ. ಜಗಳದಲ್ಲಿ ಹೊಡೆತ ಬಡಿತವಿದ್ದರೆ 1098ಕ್ಕೆ ಕರೆ ಮಾಡು. ಅದು ಮಕ್ಕಳ ಸಹಾಯವಾಣಿ, ನಿನಗಾಗಿಯೇ ಇದೆ.

ಈ ಪತ್ರವನ್ನು ಓದುವ ತಂದೆ ತಾಯಂದಿರಲ್ಲಿ ಕೈಮುಗಿದು ಕೇಳುತ್ತೇನೆ: ನಿಮ್ಮ ಜಗಳಕ್ಕೆ ಮಕ್ಕಳನ್ನು ಸಾಕ್ಷಿ ಮಾಡಬೇಡಿ. ಮಕ್ಕಳೆದುರು ಜಗಳವಾಯಿತೇ, ರಾಜಿಯಾದದ್ದನ್ನೂ ಅವರೆದುರೇ ತೋರಿಸಿ.

ಪ್ರಶ್ನೆ: ನಾನು ಬೈಲಹೊಂಗಲ ಭಾಗದ ಪ್ರೌಢಶಾಲಾ ಶಿಕ್ಷಕ. ವಾರಕ್ಕೊಂದು ಅವಧಿಯಲ್ಲಿ ಒತ್ತಡ ನಿಭಾಯಿಸುವುದರ ಬಗ್ಗೆ ಹೇಳುತ್ತೇನೆ, ಆದರೆ ಮಕ್ಕಳು ತಲೆತಗ್ಗಿಸಿ ಕೂರುತ್ತಾರೆ. ಏನು ಮಾಡಬಹುದು?

ಉತ್ತರ: ಗುರುಗಳೇ, ನಿಮ್ಮ ಮನೆಯಲ್ಲಿ ಏನು ಕಷ್ಟವಿದೆ ಎಂದು ತರಗತಿಯಲ್ಲಿ ಕೇಳಬೇಡಿ, ತಲೆ ಇನ್ನಷ್ಟು ತಗ್ಗುತ್ತದೆ. ಊರಿನದೇ ಒಂದು ಮನೆಯನ್ನು ಹಲಗೆಯ ಮೇಲೆ ಕಲ್ಪಿಸಿ. ಕಬ್ಬು ಕಾರ್ಖಾನೆಗೆ ಹೋಗಿದೆ. 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ, ಆದರೆ ಮೂರು ತಿಂಗಳಾದರೂ ಬಿಲ್ಲು ಬಂದಿಲ್ಲ. ಅಕ್ಕನ ಮದುವೆ ಗೊತ್ತಾಗಿದೆ, ತಮ್ಮನ ಶುಲ್ಕ ಬಾಕಿಯಿದೆ. ಯಾವುದು ಮೊದಲು, ಯಾವುದನ್ನು ಮುಂದೂಡಬಹುದು, ಯಾರನ್ನು ಕೇಳಬೇಕು, ಈ ಮನೆಯ ಹುಡುಗ ರಾತ್ರಿ ನಿದ್ರೆ ಬರದಿದ್ದರೆ ಏನು ಮಾಡಬೇಕು? ನಾಲ್ಕು ನಾಲ್ಕು ಮಕ್ಕಳ ಗುಂಪು ಮಾಡಿ ಬಿಟ್ಟುಬಿಡಿ. ಬೇರೊಬ್ಬರ ಮನೆಯ ಹೆಸರಿನಲ್ಲಿ ಮಕ್ಕಳು ತಮ್ಮ ಮನೆಯನ್ನೇ ಮಾತಾಡುತ್ತಾರೆ, ಮತ್ತು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಹತ್ತು ಜೀವನ ಕೌಶಲಗಳಲ್ಲಿ ಸಮಸ್ಯೆ ಬಿಡಿಸುವುದು, ನಿರ್ಧಾರ ಮಾಡುವುದು, ಒತ್ತಡ ನಿಭಾಯಿಸುವುದು ಈ ಒಂದು ಲೆಕ್ಕದಲ್ಲಿಯೇ ಅಭ್ಯಾಸವಾಗುತ್ತವೆ. ಈ ಅವಧಿಯನ್ನು ದಿನದ ಕೊನೆಗೆ ಇಡಬೇಡಿ. ಮಾತಾಡಬೇಕೆನಿಸಿದ ಮಗು ಬಸ್ಸು ತಪ್ಪುವುದೆಂದು ಓಡಿಹೋಗುತ್ತದೆ. ಮಧ್ಯಾಹ್ನದ ಊಟಕ್ಕೆ ಮುಂಚಿನ ಅವಧಿಯಾದರೆ ನಿಮ್ಮ ಮೇಜಿನ ಹತ್ತಿರ ಸುಳಿದಾಡಲು ಅದಕ್ಕೆ ಸಮಯವಿರುತ್ತದೆ.